ಅಲಾಸ್ಕಾದಿಂದ ತಂದ ಕೈಲಾಸ

ನಮ್ಮ ಕನ್ನಡ ಬಳಗದ ನಾಟಕದಲ್ಲಿ ಶಿವ ಸ್ಕೀ ಲಿಫ್ಟಿನ ಕೆಳಗೆ ಪ್ರತ್ಯಕ್ಷನಾದ ಸಂಜೆ ನಾನು ವೇದಿಕೆಯ ಪಕ್ಕದಲ್ಲಿ ಕ್ಯಾಮರಾ ಹಿಡಿದು ನಿಂತಿದ್ದೆ. ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸಿನ ಬಾಡಿಗೆ ಸಭಾಂಗಣ, ಗಿರಿಜೆಯ ಮದುವೆಯ ಕಥೆ. ಕೈಲಾಸದ ದೃಶ್ಯಕ್ಕೆ ಹಿಂದೊಂದು ಪರದೆ ಬೇಕೆಂದು ಸಮಿತಿಯವರು ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಯಾವುದೋ ಹಿಮಪರ್ವತದ ಚಿತ್ರವನ್ನು ವೇದಿಕೆಯ ಅಗಲಕ್ಕೆ ಹಿಗ್ಗಿಸಿ ಪ್ರಿಂಟ್ ಹಾಕಿಸಿದ್ದರು. ಲ್ಯಾಪ್‌ಟಾಪಿನಲ್ಲಿ ಕೂದಲೆಳೆಯಷ್ಟು ಸಣ್ಣಗೆ ಕಂಡಿದ್ದ ಗೆರೆ ಪರದೆಯ ಮೇಲೆ ದಪ್ಪ ಕೇಬಲ್ ಆಗಿತ್ತು. ಅದರಿಂದ, ಹಿಮದ ಮೇಲೆ ಜಾರುವ ಆಟಕ್ಕೆ ಬಂದವರನ್ನು ಬೆಟ್ಟಕ್ಕೇರಿಸುವ ಕುರ್ಚಿಗಳು ಸಾಲಾಗಿ ನೇತಾಡುತ್ತಿದ್ದವು, ಒಂದು ಸರಿಯಾಗಿ ಶಿವನ ಜಟೆಯ ಮೇಲೆ.

ಮೊದಲು ಕಂಡುಹಿಡಿದವರು ಮುಂದಿನ ಸಾಲಿನ ಮಕ್ಕಳು. ಇಲ್ಲೇ ಹುಟ್ಟಿದ ಈ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. "ಲುಕ್, ಶಿವ ಟುಕ್ ದ ಸ್ಕೀ ಲಿಫ್ಟ್" ಎಂದು ಒಂದು ಮಗು ಅಂದದ್ದೇ ತಡ, ಸಭಾಂಗಣವೆಲ್ಲ ನಕ್ಕಿತು. ಸುಳ್ಳೇಕೆ, ನಾನೂ ನಕ್ಕೆ. ಶಿವನ ವೇಷದಲ್ಲಿದ್ದ ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಬೆನ್ನ ಹಿಂದೆ ಏನಿದೆಯೆಂದು ಗೊತ್ತಿರಲಿಲ್ಲ. ತಮ್ಮ ಮಾತಿನಲ್ಲೇ ಏನೋ ತಪ್ಪಿತೆಂದು ತಿಳಿದು ತಡವರಿಸಿದರು, ಮುಂದಿನ ಮಾತು ಮರೆತರು, ದೃಶ್ಯವನ್ನು ಹೇಗೋ ದಡ ಮುಟ್ಟಿಸಿ ಒಳಗೆ ಹೋದರು. ಜಟೆ ಬಿಚ್ಚಿ ಹೆಂಡತಿಯ ಕೈಗಿಟ್ಟು, "ಇನ್ನ ಸಾಕು" ಅಂದರಂತೆ.

ಅಂಕಲ್ ಮತ್ತು ಆಂಟಿ ಧಾರವಾಡದ ಕಡೆಯವರು. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ನಿಂಬೆಗಿಡ ಅಷ್ಟೇ. ಟೆಲಿಕಾಂ ಕಂಪನಿಯಿಂದ ನಿವೃತ್ತರಾದ ಮೇಲೆ ಅಂಕಲ್‌ಗೆ ನಾಟಕವೇ ಕೆಲಸ. ಗ್ಯಾರೇಜಿನ ಬಾಗಿಲಿಗೆ ಎದುರಾಗಿ ನಿಂತು ಅವರು ಹೇಳುವ ಮಾತುಗಳು ನನ್ನ ಅಡುಗೆಮನೆಗೆ ಕೇಳಿಸುತ್ತಿದ್ದವು. ಕುಕ್ಕರ್ ಕೂಗುವುದಕ್ಕೂ ಶಿವ ಮೂರನೆಯ ಕಣ್ಣು ತೆರೆಯುವುದಕ್ಕೂ ಎಷ್ಟೋ ದಿನ ತಾಳೆಯಾಗುತ್ತಿತ್ತು. ಆ ಸಂಜೆಯ ನಂತರ ಗ್ಯಾರೇಜ್ ಸುಮ್ಮನಾಯಿತು. ಅಂಕಲ್ ಹಳೆಯ ಕ್ರಿಕೆಟ್ ಮ್ಯಾಚುಗಳನ್ನು, ಫಲಿತಾಂಶ ಗೊತ್ತಿದ್ದೂ, ನೋಡುತ್ತ ಕೂತರು.

"ಮನ್ಯಾಗ ಸಪ್ಪಳನ ಇಲ್ಲವ್ವಾ. ಜಟಾ ಗ್ಯಾರೇಜಿನ ಮ್ಯಾಲಿನ ರ್‍ಯಾಕಿಗೆ ಇಡು ಅಂದ್ರು, ಇಟ್ಟೇನಿ. ಅದನ್ನ ಕೆಳಗ ಇಳಸೂದು ಹೆಂಗ ಹೇಳು" ಎಂದು ಆಂಟಿ ಒಂದು ದಿನ ನನ್ನ ಮುಂದೆ ಕೂತರು.

ನನ್ನ ಕೆಲಸ ಫೋಟೋ ತೆಗೆಯುವುದು. ಮದುವೆ, ಸೀಮಂತ, ರಂಗಪ್ರವೇಶ, ಸೆರಿಟೋಸಿನ ಪಕ್ಕದ ಆರ್ಟೀಸಿಯಾದ ಸೀರೆ ಅಂಗಡಿಗಳ ಹೊಸ ಸ್ಟಾಕು. ಹಾಗಾಗಿ ನನಗೆ ತೋಚಿದ ಉಪಾಯವೂ ಅದೇ ಜಾತಿಯದು. "ಆಂಟಿ, ನಾನೇ ಒಂದು ಕೈಲಾಸ ತೆಗೆದುಕೊಂಡು ಬರ್ತೀನಿ. ಲಿಫ್ಟ್ ಇಲ್ದೇ ಇರೋದು. ಅದನ್ನ ನೋಡಿದ್ರೆ ಅಂಕಲ್ ಮನಸ್ಸು ಬದಲಾಯಿಸ್ಬಹುದು" ಅಂದೆ. ಅಲಾಸ್ಕಾದಲ್ಲಿ ಸಮುದ್ರಕ್ಕೇ ಬಂದು ಇಳಿಯುವ ಹಿಮನದಿಗಳಿವೆ, ಬೋಟಿನಲ್ಲಿ ಎದುರಿಗೇ ಹೋಗಿ ನಿಲ್ಲಬಹುದು ಎಂದು ಕೇಳಿದ್ದೆ. ಆಂಟಿ, "ನಾನೂ ಬರ್ತೀನಿ. ನಿನಗ ಊಟಕ್ಕ ಯಾರು ನೋಡ್ತಾರ" ಅಂದರು. ಸಮಿತಿಯಲ್ಲೊಬ್ಬರು, ಫೋನಿನಲ್ಲೇ ಅಗಲದ ಪನೋರಮಾ ಚಿತ್ರ ಬರುತ್ತದಲ್ಲ, ಅಷ್ಟಕ್ಕೆ ಅಲಾಸ್ಕಾ ಯಾಕೆ ಎಂದು ಕೇಳಿದರು. ಕಳೆದ ಸಲದ ಪರದೆ ತಂದವರು ಅವರೇ ಆದ್ದರಿಂದ ಯಾರೂ ಉತ್ತರಿಸುವ ಗೋಜಿಗೆ ಹೋಗಲಿಲ್ಲ.

ಪರದೆಯ ಅಗಲಕ್ಕೆ ಹಿಗ್ಗಿಸಿದರೆ ನನ್ನ ಕ್ಯಾಮರಾದ ಒಂದೇ ಚಿತ್ರ ನೀರು ಹೆಚ್ಚಾದ ದೋಸೆಹಿಟ್ಟಿನಂತೆ ತೆಳ್ಳಗಾಗುತ್ತದೆ. ಕ್ಯಾಮರಾವನ್ನು ಲಂಬವಾಗಿ ಹಿಡಿದು, ಎಡದಿಂದ ಬಲಕ್ಕೆ ಒಂದರ ಅಂಚು ಇನ್ನೊಂದರೊಳಗೆ ಸೇರುವಂತೆ ಹಲವು ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಗಟ್ಟಿ ನೆಲದ ಮೇಲೆ ಮೂರು ಕಾಲಿನ ಟ್ರೈಪಾಡ್ ಇಟ್ಟು ಮಾಡುವುದಾದರೆ ಇದು ಕಷ್ಟವೇನಲ್ಲ. ಚಲಿಸುವ ಬೋಟಿನಿಂದ ಮಾಡಿದ ಅನುಭವ ನನಗಿರಲಿಲ್ಲ.

ಅದಕ್ಕೇ ನಮ್ಮೂರಿನ ಕೊಲ್ಲಿ ದಾಟಿ ಕೊರೊನಾಡೊಗೆ ಹೋಗುವ ಫೆರಿ ಬೋಟು ಹತ್ತಿದೆ. ಇತ್ತ ದಡದಿಂದ ಅತ್ತ ದಡಕ್ಕೆ, ಇಳಿಯದೆ ಮತ್ತೆ ವಾಪಸ್, ಟಿಕೆಟ್ ನೋಡುವಾಕೆ ನನ್ನನ್ನು ಹುಬ್ಬೇರಿಸಿ ನೋಡುವ ತನಕ. ಡೌನ್‌ಟೌನಿನ ಕಟ್ಟಡಗಳೇ ನನ್ನ ಹಿಮನದಿ. ಮೊದಲ ಪಾಠ, ಟ್ರೈಪಾಡ್ ಇಡಬಾರದು. ಎಂಜಿನ್ನಿನ ನಡುಕ ಕಬ್ಬಿಣದ ಡೆಕ್ಕಿನಿಂದ ನೇರವಾಗಿ ಕ್ಯಾಮರಾಕ್ಕೆ ಏರುತ್ತದೆ. ಕಂಬಿಗೆ ಒರಗಿದರೂ ಅದೇ ಗತಿ. ಮಂಡಿ ಸಡಿಲ ಬಿಟ್ಟು, ಮೊಣಕೈ ಪಕ್ಕೆಗೆ ಒತ್ತಿ, ನಮ್ಮ ದೇಹವೇ ಅಲುಗಾಟ ಕುಡಿಯುವಂತೆ ನಿಲ್ಲಬೇಕು. ಶಟರ್ ತೆರೆದು ಮುಚ್ಚುವುದು ಎಷ್ಟು ವೇಗವಿದ್ದರೂ ಇನ್ನೊಂದಿಷ್ಟು ಇರಲಿ ಅನ್ನಿಸುತ್ತದೆ. ಇದೆಲ್ಲ ಬಂತು. ಬಾರದೇ ಉಳಿದದ್ದು ಜೋಡಣೆ. ಬೋಟು ಮುಂದೆ ಸರಿದಂತೆ ಹತ್ತಿರದ ಹಾಯಿಕಂಬಗಳು ಒಂದು ವೇಗದಲ್ಲಿ, ಹಿಂದಿನ ಕಟ್ಟಡಗಳು ಇನ್ನೊಂದು ವೇಗದಲ್ಲಿ ಸರಿಯುತ್ತಿದ್ದವು. ಮನೆಗೆ ಬಂದು ಜೋಡಿಸಿದರೆ ಒಂದೇ ಕಟ್ಟಡಕ್ಕೆ ಎರಡು ತಲೆ, ಒಂದೇ ಕಂಬಕ್ಕೆ ಮೂರು ನೆರಳು.

ಇನ್ನೊಂದು ಚಿಂತೆ ಬಿಳಿಯ ಬಣ್ಣದ್ದು. ಕ್ಯಾಮರಾಕ್ಕೆ ಬರೀ ಬಿಳಿ ತೋರಿಸಿದರೆ ಅದು ಹೆದರಿಕೊಂಡು ಎಲ್ಲವನ್ನೂ ಬೂದಿ ಬಣ್ಣ ಮಾಡುತ್ತದೆ. ಸ್ಯಾನ್ ಡಿಯಾಗೋದಲ್ಲಿ ಹಿಮ ಎಲ್ಲಿಂದ ತರುವುದು? ಆಂಟಿ ಅಂಕಲ್‌ರ ಬಿಳಿ ಧೋತರ ತಂದು ತಮ್ಮ ಹಿತ್ತಲಲ್ಲಿ ಹರವಿದರು. ಬಟ್ಟೆ ಹೊರಗೆ ಒಣಹಾಕಬಾರದೆಂಬ ನಿಯಮವಿರುವ ಕಾಲೊನಿ ನಮ್ಮದು. ಪಕ್ಕದ ಬೀದಿಯ ಅಮೆರಿಕನ್ ಅಜ್ಜ ನಾಯಿ ಹಿಡಿದುಕೊಂಡು ಹೋಗುವಾಗ ಬೇಲಿಯಾಚೆಯಿಂದ ಇಣುಕಿದರು. ಒಂದು ಧೋತರವನ್ನು ಇಷ್ಟು ಭಕ್ತಿಯಿಂದ ಫೋಟೋ ತೆಗೆಯುವವರನ್ನು ಅವರು ನೋಡಿರಲಿಕ್ಕಿಲ್ಲ. ಮೋಡವಿದ್ದಾಗ ಎಷ್ಟು ಬೆಳಕು ಹೆಚ್ಚು ಬಿಡಬೇಕು, ಬಿಸಿಲಿದ್ದಾಗ ಎಷ್ಟು, ಬೆಳಕು ಎಷ್ಟು ಮೀರಿದರೆ ನೆರಿಗೆ ಮಾಯವಾಗಿ ಬರೀ ಬಿಳಿ ಉಳಿಯುತ್ತದೆ ಎಂದು ಅದರ ಮೇಲೆಯೇ ಕಲಿತೆ. ಅಂಕಲ್ ಒಳಗಿನಿಂದ, "ನನ್ನ ಧೋತರ ಎಲ್ಲಿ ಹೋತು" ಎಂದು ಕೇಳಿದಾಗ ಆಂಟಿ, "ಒಗೀಲಿಕ್ಕೆ ಹಾಕೇನಿ" ಅಂದರು.

ಬೇಸಿಗೆಯಲ್ಲಿ ಇಬ್ಬರೂ ಹೊರಟೆವು. ಅಂಕಲ್‌ಗೆ ಹೇಳಿದ್ದು, ಆಂಟಿಗೆ ಹಿಮ ನೋಡುವ ಆಸೆ, ನಾನು ಜೊತೆಗೆ ಎಂದು. ಮೊಣಕಾಲಿನ ನೆಪ ಹೇಳಿ ಅವರು ಮನೆಯಲ್ಲೇ ಉಳಿದರು. ಅಲಾಸ್ಕಾದ ಒಂದು ಬಂದರಿನ ಊರಿನಿಂದ ದಿನಕ್ಕೊಂದು ಸಣ್ಣ ಬೋಟು ಹಿಮನದಿಯ ತನಕ ಹೋಗಿ ಬರುತ್ತದೆ. ನಮಗೆ ಸಿಕ್ಕಿದ್ದು ಒಂದೇ ದಿನದ ಟಿಕೆಟ್, ಮರುದಿನ ವಾಪಸ್ ವಿಮಾನ. ಆಂಟಿ ಸೀರೆಯ ಕೆಳಗೆ ಬೆಚ್ಚನೆಯ ಥರ್ಮಲ್ ಒಳಉಡುಪು, ಮೇಲೆ ಬೇರೆ ಊರಿನಲ್ಲಿರುವ ಮಗ ಬಿಟ್ಟುಹೋಗಿದ್ದ ಸ್ಕೀ ಜಾಕೆಟ್, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ವಾಕಿಂಗ್ ಶೂ ಹಾಕಿಕೊಂಡು ಬಂದರು. ಚೀಲದಲ್ಲಿ ಚಕ್ಕುಲಿ, ಅವಲಕ್ಕಿ, ಮೊಸರನ್ನದ ಡಬ್ಬಿ. ಬೋಟಿನಲ್ಲಿದ್ದವರಿಗೆಲ್ಲ ಚಕ್ಕುಲಿ ಹಂಚಿ ಮುಗಿಯುವಷ್ಟರಲ್ಲಿ ಬಂದರು ಕಣ್ಮರೆಯಾಗಿತ್ತು, ಕ್ಯಾಪ್ಟನ್ನಿಗೆ ಎರಡನೆಯ ಸುತ್ತೂ ಹೋಗಿತ್ತು. ಕ್ಯಾಪ್ಟನ್ ಗಡ್ಡದ ದೊಡ್ಡ ಆಳು, ಮೆಲುಮಾತಿನವನು.

ದಾರಿಯುದ್ದಕ್ಕೂ ಮಂಜು. ಲೆನ್ಸ್ ಒರೆಸಿದಷ್ಟೂ ಹನಿ ಕೂರುತ್ತಿತ್ತು. ಚಳಿಗೆ ಒಂದು ಬ್ಯಾಟರಿ ಆಗಲೇ ಸತ್ತಿತ್ತು, ಉಳಿದವನ್ನು ಆಂಟಿ ತಮ್ಮ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಕಾಪಾಡಿದರು. ನೀರಿನಲ್ಲಿ ಮಂಜುಗಡ್ಡೆಯ ಚೂರುಗಳು ಮೊದಲು ಒಂದೊಂದಾಗಿ, ಆಮೇಲೆ ಗುಂಪಾಗಿ ಬಂದು ಬೋಟಿನ ಪಕ್ಕೆಗೆ ಸವರಿಕೊಂಡು ಹೋಗತೊಡಗಿದವು. ಒಂದು ತಿರುವಿನಲ್ಲಿ ಮಂಜು ಪಕ್ಕಕ್ಕೆ ಸರಿಯಿತು. ಎದುರಿಗೆ ಹಿಮನದಿ.

ಅದನ್ನು ಏನೆಂದು ಹೇಳಲಿ. ನಾನು ಬಿಳಿಗೆ ಸಿದ್ಧಳಾಗಿ ಬಂದಿದ್ದೆ, ಅದು ನೀಲಿಯಾಗಿತ್ತು. ಬಿರುಕುಗಳ ಒಳಗಿನಿಂದ, ನಂದಿಸದೇ ಬಿಟ್ಟ ಗ್ಯಾಸ್ ಉರಿಯ ನೀಲಿ. ಅಷ್ಟು ಖುಷಿಯಾಯಿತೆಂದರೆ ಕೆಲಸಕ್ಕೆ ಬಂದವಳೆಂಬುದೇ ಕೆಲಹೊತ್ತು ಮರೆತುಹೋಯಿತು. ಆಂಟಿ ಕೈ ಮುಗಿದು ನಿಂತುಬಿಟ್ಟಿದ್ದರು.

ನೆನಪಾದ ಮೇಲೆ ಎಲ್ಲರಂತೆ ಮುಂಭಾಗಕ್ಕೆ ಓಡಿ ಎಡದಿಂದ ತೆಗೆಯಲು ಶುರುಮಾಡಿದೆ. ಬೋಟು ಮುಂದೆ ಹೋಗುತ್ತಲೇ ಇತ್ತು. ಮೊದಲ ಚಿತ್ರದಲ್ಲಿದ್ದ ತೇಲುಗಡ್ಡೆ ಮೂರನೆಯದರಲ್ಲಿ ಬೇರೆಲ್ಲೋ ಇತ್ತು. ಜನ ಸೆಲ್ಫಿಗಾಗಿ ಅಡ್ಡ ಬರುತ್ತಿದ್ದರು. ಕ್ಯಾಮರಾದ ಪರದೆಯಲ್ಲಿ ಹಿಂದೆ ಹೋಗಿ ನೋಡಿದೆ, ಕೊರೊನಾಡೊ ಫೆರಿಯ ಎರಡು ತಲೆಯ ಕಟ್ಟಡಗಳೇ ಮತ್ತೆ. ಕ್ಯಾಪ್ಟನ್ ಇದ್ದಲ್ಲಿಗೆ ಹೋಗಿ, ಒಂದು ಐದು ನಿಮಿಷ ಎಂಜಿನ್ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದೆ. ಆಗುವುದಿಲ್ಲ ಅಂದ. ನಿಲ್ಲಿಸಿದರೆ ಸೆಳವು ನಮ್ಮನ್ನು ಗಡ್ಡೆಗಳ ಮೇಲೆ ತಳ್ಳುತ್ತದೆ, ಹಿಮನದಿಯಿಂದ ತುಂಡು ಬಿದ್ದರೆ ಅಲೆ ಏಳುತ್ತದೆ. ದೂರ ಕಾಯ್ದುಕೊಂಡು, ಎರಡೂ ಬದಿಯವರಿಗೆ ಕಾಣುವಂತೆ ಬೋಟನ್ನು ನಿಂತಲ್ಲೇ ನಿಧಾನ ತಿರುಗಿಸುತ್ತೇನೆ, ಅಷ್ಟೇ ನನ್ನಿಂದ ಸಾಧ್ಯ, ಆಮೇಲೆ ಹೊರಡಬೇಕು ಅಂದ.

ಬೋಟು ತಿರುಗತೊಡಗಿತು. ನಾನು ಅದು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕ್ಯಾಮರಾ ತಿರುಗಿಸುತ್ತ, ಡೆಕ್ಕಿನ ಮೇಲೆ ಪಕ್ಕಕ್ಕೆ ಹೆಜ್ಜೆ ಹಾಕುತ್ತ, ಯಾರದೋ ಕಾಲು ತುಳಿದು ಕ್ಷಮೆ ಕೇಳುತ್ತ ಹೋರಾಡಿದೆ. ಹೊಂದಲಿಲ್ಲ. ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಬರಿಗೈಯಲ್ಲಿ ಹೋದರೆ ಗ್ಯಾರೇಜಿನ ಮೇಲಿನ ರ್‍ಯಾಕಿನಲ್ಲಿ ಜಟೆ ಹಾಗೇ ಇರುತ್ತದಲ್ಲ ಎಂದು ನೆನೆದು ಅಳು ಬಂದಂತಾಯಿತು.

ಆಂಟಿಯನ್ನು ಹುಡುಕಿಕೊಂಡು ಮೇಲಿನ ಡೆಕ್ಕಿಗೆ ಹೋದರೆ ಅವರು ನಡುಭಾಗದಲ್ಲಿ ಒಬ್ಬರೇ ಇದ್ದರು. ದೇವರ ಮುಂದೆ ಸುತ್ತು ಬರಲು ಜಾಗವಿಲ್ಲದಾಗ ನಮ್ಮವರು ನಿಂತಲ್ಲೇ ತಮ್ಮ ಸುತ್ತ ತಾವೇ ತಿರುಗುತ್ತಾರಲ್ಲ, ಆ ಆತ್ಮಪ್ರದಕ್ಷಿಣೆ ಹಾಕುತ್ತಿದ್ದರು. ಕೈ ಮುಗಿದು, ಮಂಕಿ ಕ್ಯಾಪಿನಲ್ಲಿ, ನಿಧಾನವಾಗಿ. ನನ್ನನ್ನು ಕಂಡು ನಿಂತರು.

"ಬಾ, ನೀನೂ ಹಾಕು. ನನಗೇನು ಭಾಳ ತಿರಗೂದ ಬೇಕಾಗ್ಲಿಲ್ಲವ್ವಾ. ಈ ಬೋಟೂ ಪ್ರದಕ್ಷಿಣಿ ಹಾಕ್ಲಿಕತ್ತದ ನೋಡು. ನಾವು ಸುಮ್ಮ ನಿಂತ್ರೂ ದೇವರು ಮುಂದ ಹಾಯ್ದು ಹೋಗ್ತಾನ."

ಆಂಟಿಯ ಪಾಲಿಗೆ ಅದು ಭಕ್ತಿಯ ಮಾತು. ನಾನು ಮಾತ್ರ ಅದನ್ನು ಬೇರೆಯೇ ಕಡೆಗೆ ಎಳೆದುಕೊಂಡೆ. ಇಷ್ಟು ಹೊತ್ತೂ ನಾನು ಬೋಟಿನ ತುದಿಯಲ್ಲಿದ್ದೆ. ಬೀಸುಕಲ್ಲಿನ ಅಂಚಿನಲ್ಲಿ ಕೂತ ಇರುವೆಯಂತೆ ದೊಡ್ಡ ಸುತ್ತು ಹೋಗುತ್ತಿದ್ದೆ, ಅದಕ್ಕೇ ಹತ್ತಿರದ್ದು ದೂರದ್ದು ಎಲ್ಲ ಕಲಸಿಹೋಗುತ್ತಿತ್ತು. ನಡುವೆ ನಿಂತರೆ ಕಲ್ಲಿನ ನಡುಗೂಟದ ಬಳಿ ನಿಂತ ಹಾಗೆ, ಜಾಗ ಬದಲಾಗದು, ಬರೀ ದಿಕ್ಕು ಬದಲಾಗುತ್ತದೆ. ಟ್ರೈಪಾಡ್ ಮಾಡುವ ಕೆಲಸವೂ ಅಷ್ಟೇ ಅಲ್ಲವೇ? ತಿರುಗುವ ಕೆಲಸ ಬೋಟಿನದು, ನಾನು ಅಲುಗದೆ ನಿಂತರೆ ಸಾಕು.

ಮುಂಭಾಗದ ಆಸೆ ಬಿಟ್ಟೆ. ಆಂಟಿ ನಿಂತಿದ್ದ ಜಾಗದಲ್ಲೇ, ಎಡಬದಿಗೆ ಮುಖಮಾಡಿ ನಿಂತೆ. ಕ್ಯಾಮರಾ ಲಂಬ, ಬೆಳಕಿನ ಲೆಕ್ಕ ಧೋತರದಲ್ಲಿ ಕಲಿತದ್ದು, ಫೋಕಸ್ಸಿನ ಉಂಗುರ ಜರುಗದಂತೆ ಅದಕ್ಕೆ ಟೇಪ್. ಕೆಳಗೆ ಹೋಗಿ ಇನ್ನೊಂದೇ ಒಂದು ಸುತ್ತು ಹಾಕಲು ಕ್ಯಾಪ್ಟನ್ನನ್ನು ಕೇಳಿ ಬನ್ನಿ ಎಂದು ಆಂಟಿಗೆ ಹೇಳಿದೆ. ಆಂಟಿಯ ಇಂಗ್ಲಿಷ್ ಹರಕುಮುರುಕು, ಚಕ್ಕುಲಿಯ ಡಬ್ಬಿ ಜೊತೆಗೊಯ್ದರು. ಏನು ಹೇಳಿದರೋ ಗೊತ್ತಿಲ್ಲ, ಎಂಜಿನ್ನಿನ ಸದ್ದು ಬದಲಾಯಿತು, ಬೋಟು ಮತ್ತೆ ತಿರುಗತೊಡಗಿತು.

ಅದೇ ಹೊತ್ತಿಗೆ ಕ್ಯಾಪ್ಟನ್ ಮೈಕಿನಲ್ಲಿ, ಬಲಬದಿಯ ಗಡ್ಡೆಗಳ ಮೇಲೆ ಮೀಸೆಯ ಕಡಲಪ್ರಾಣಿಗಳಾದ ಸೀಲುಗಳು ಮಲಗಿವೆ ನೋಡಿ ಎಂದ. ಮೇಲಿನ ಡೆಕ್ಕಿಗೆ ಬಂದಿದ್ದವರೆಲ್ಲ ಬಲಕ್ಕೆ ಓಡಿದರು. ನನ್ನ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಆ ಸೀಲುಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹಿಮನದಿಯ ಎಡ ಅಂಚು ಮೊದಲು ಚೌಕಟ್ಟಿನೊಳಕ್ಕೆ ಬಂತು. ಮೂರನೇ ಒಂದು ಭಾಗ ಸರಿದಾಗ ಒಂದು ಕ್ಲಿಕ್, ಇನ್ನಷ್ಟು ಸರಿದಾಗ ಇನ್ನೊಂದು. ನಡುವೆ ಮೋಡ ಹರಿದು ಬೆಳಕು ಮೇಲಿನ ಹಿಮದ ಮೇಲೆ ಬಿತ್ತು, ಕೆಳಗೆ ನೀಲಿ ಹಾಗೇ ಉಳಿಯಿತು. ಉಸಿರನ್ನೂ ಲೆಕ್ಕ ಹಾಕಿ ಬಿಟ್ಟೆ. ಕೊನೆಯ ಕಪ್ಪು ಬಂಡೆ ಚೌಕಟ್ಟು ದಾಟಿ ಹೋದಾಗ, ವಾಪಸ್ ಬಂದು ಪಕ್ಕದಲ್ಲಿ ನಿಂತಿದ್ದ ಆಂಟಿಯನ್ನು ಅಪ್ಪಿಕೊಂಡೆ. ಅವರು ನನ್ನ ಬಾಯಿಗೆ ಉಳಿದಿದ್ದ ಕೊನೆಯ ಚಕ್ಕುಲಿ ತುರುಕಿದರು.

ಮನೆಗೆ ಬಂದು ಜೋಡಿಸಿದೆ. ನೀರಿನ ಗೆರೆ ಸ್ವಲ್ಪ ಬಾಗಿತ್ತು, ನೆಟ್ಟಗೆ ಮಾಡಿದೆ. ಒಂದು ತೇಲುಗಡ್ಡೆ ಜೋಡಿಯಾಗಿತ್ತು, ಒಂದನ್ನು ಅಳಿಸಿದೆ. ಹಿಮನದಿಗೆ ಒಂದೇ ತಲೆ ಇತ್ತು. ಸಣ್ಣದೊಂದು ಪ್ರಿಂಟ್ ತೆಗೆದು ಆಂಟಿಗೆ ಕೊಟ್ಟೆ. ಅವರು ಅದನ್ನು ಅಂಕಲ್ ಬೆಳಗಿನ ಚಹಾ ಕುಡಿಯುವ ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬಿಗೆ ಒರಗಿಸಿಟ್ಟರು. ನಾನು ಸಕ್ಕರೆ ಕೇಳುವ ನೆಪದಲ್ಲಿ ಹಾಜರಾದೆ.

ಅಂಕಲ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಚಹಾ ಆರಿತು.

"ಎಲ್ಲೀದಿದು?"

"ಕೈಲಾಸ, ಅಂಕಲ್."

"ಲಿಫ್ಟ್ ಎಲ್ಲದ?"

"ಇಲ್ಲ. ಬೇಕಾದ್ರೆ ಭೂತಗನ್ನಡಿ ಹಿಡಿದು ನೋಡಿ."

ಚಿತ್ರವನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಜಟಾ ಎಲ್ಲಿಟ್ಟೀ?" ಅಂದರು. ನಾನು ಸಕ್ಕರೆ ತೆಗೆದುಕೊಳ್ಳದೆ ಮನೆಗೆ ಓಡಿಬಂದು ಒಬ್ಬಳೇ ಕುಣಿದೆ. ಮರುದಿನದಿಂದ ಗ್ಯಾರೇಜಿನಲ್ಲಿ ಮತ್ತೆ ಶಿವನ ಸದ್ದು.

ಬಟ್ಟೆಯ ಮೇಲಿನ ಪ್ರಿಂಟ್ ಲಾಸ್ ಏಂಜಲೀಸಿನಲ್ಲಾಯಿತು. ಅಷ್ಟು ಅಗಲದ ಬಟ್ಟೆ ಇಲ್ಲದ್ದರಿಂದ ಮೂರು ಪಟ್ಟಿಗಳಲ್ಲಿ ಬಂತು. ಹೊಲಿಸಲು ಆರ್ಟೀಸಿಯಾದ ಸೀರೆ ಅಂಗಡಿಯ ಹಿಂದಿನ ಕೋಣೆಗೆ ಒಯ್ದೆ, ನನ್ನ ರವಿಕೆಗಳನ್ನೆಲ್ಲ ಹೊಲಿಯುವ ಗುಜರಾತಿ ಟೈಲರ್ ಬಳಿ. ನೀಲಿ ಬಿರುಕಿಗೆ ನೀಲಿ ಬಿರುಕು ಕೂಡಿಸಿ ಹೊಲಿದು, ಕೆಳಗಿನ ಅಂಚು ಹಿಡಿದು, "ಇದಕ್ಕೂ ಫಾಲ್ ಹಚ್ಚಲಾ?" ಎಂದು ಹಿಂದಿಯಲ್ಲಿ ಕೇಳಿದ. ತಮಾಷೆಗೆ ಕೇಳಿದನೋ ನಿಜಕ್ಕೋ, ಹಚ್ಚು ಅಂದೆ. ಸೀರೆಯ ನೆರಿಗೆಯಂತೆಯೇ ಪರದೆಯೂ ಅಂಚು ಭಾರವಿದ್ದರೆ ನೆಟ್ಟಗೆ ಬೀಳುತ್ತದೆ.

ನಾಟಕದ ದಿನ ಮಧ್ಯಾಹ್ನ ಸೆರಿಟೋಸಿನ ಅದೇ ಸಭಾಂಗಣದಲ್ಲಿ ಪರದೆ ಏರಿಸಿದರು. ನಾನು ಕೊನೆಯ ಸಾಲಿಗೆ ಹೋಗಿ ನಿಂತು ನೋಡಿದೆ. ಎದೆ ತುಂಬಿತು. ಇದು ನನ್ನ ಕೆಲಸ ಅನ್ನಿಸಿತು. ಹಾಗೇ ಕಣ್ಣು ಕೆಳಗಿಳಿದು ಬಲಮೂಲೆಯಲ್ಲಿ ನಿಂತಿತು. ನೀರಿನ ಮೇಲೊಂದು ಗಡ್ಡೆ. ಗಡ್ಡೆಯ ಮೇಲೆ ಬೂದು ಬಣ್ಣದ ಒಂದು ಕಲ್ಲು, ಕಂಪ್ಯೂಟರಿನಲ್ಲಿ ನಾನು ಕಲ್ಲೆಂದೇ ಬಿಟ್ಟಿದ್ದು. ಈಗ ಅದು ಎಮ್ಮೆಗರುವಿನಷ್ಟು ದೊಡ್ಡದಾಗಿತ್ತು. ಅದಕ್ಕೆ ಮೀಸೆ ಇತ್ತು. ಎರಡು ದುಂಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ಸೀಲ್. ಬಲಬದಿಯವರಿಗೆ ಕಂಡದ್ದು, ಬೋಟು ತಿರುಗಿದ ಮೇಲೆ ಎಡಬದಿಗೆ ಬಂದೇ ಬರಬೇಕಲ್ಲ. ಬೋಟು ತಿರುಗುತ್ತದೆಂಬ ಒಂದೇ ಸಂಗತಿಯನ್ನು ಹಿಡಿದು ಅಷ್ಟೆಲ್ಲ ಕೆಲಸ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಸಂಜೆಗೆ ಮುಂದಿನ ಸಾಲಿನಲ್ಲಿ ಮತ್ತೆ ಅದೇ ಮಕ್ಕಳು, ವೇದಿಕೆಯ ಮೇಲೆ ಅದೇ ಅಂಕಲ್.

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಅವರ ಬಳಿ ಹೋಗಿ ಎಲ್ಲ ಹೇಳಿದೆ. "ಥರ್ಮಕೋಲಿನ ಬಂಡೆ ಒಂದಿದೆ ಅಂಕಲ್, ಅಡ್ಡ ಇಟ್ಬಿಡ್ತೀನಿ. ಯಾರಿಗೂ ಕಾಣಲ್ಲ."

ಅರ್ಧ ಮುಖ ನೀಲಿಯಾಗಿದ್ದ ಶಿವ ಎದ್ದು ಬಂದು ಪರದೆಯ ಮುಂದೆ ನಿಂತರು. ಸೀಲನ್ನು ಮೇಲಿಂದ ಕೆಳಗೆ ನೋಡಿದರು. ಅದೂ ಅವರನ್ನು ನೋಡಿತು.

"ಮಕ್ಕಳು ಮುಂದ ಕೂಡ್ತಾರಲ್ಲ?"

"ಹೌದು."

"ಮುಚ್ಚಬ್ಯಾಡ. ಪಾಪ, ಅಷ್ಟು ದೂರದಿಂದ ಬಂದದ" ಎಂದು ಹೇಳಿ ಉಳಿದರ್ಧ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳಲು ಹೋದರು. ಬಂಡೆ ಹಿಡಿದುಕೊಂಡು ನಾನು ಇಡಲೋ ಬೇಡವೋ ಎಂದು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಕೊನೆಗೆ ಅವರ ಮಾತು ನಂಬಿ ಬಂಡೆಯನ್ನು ಒಳಗೆ ಒಯ್ದೆ.

ಕೈಲಾಸದ ದೃಶ್ಯಕ್ಕೆ ದೀಪ ಏರಿದಾಗ ಸಭಾಂಗಣ ಒಂದು ಕ್ಷಣ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಆ ಮೌನಕ್ಕಾಗಿ ನಾನು ಇನ್ನೊಮ್ಮೆ ಅಲಾಸ್ಕಾಗೆ ಹೋಗಬಲ್ಲೆ. ಶಿವ ಬಂದರು, ತ್ರಿಶೂಲ ಊರಿದರು, ಮೊದಲ ಮಾತು ಎತ್ತಿದರು. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಪುಟ್ಟ ದನಿ, "ಈಸ್ ದಟ್ ಅ ಸೀಲ್?"

ಅಲ್ಲೊಂದು ಇಲ್ಲೊಂದು ನಗು ಹೊರಟಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಂಕಲ್ ಮಾತು ನಿಲ್ಲಿಸಿದ್ದರು. ತಡವರಿಸುತ್ತಿರಲಿಲ್ಲ. ನಿಧಾನವಾಗಿ, ಜಟೆಯ ಸಮೇತ, ಹಿಂದಕ್ಕೆ ತಿರುಗಿ ಸೀಲಿನ ಕಡೆ ತ್ರಿಶೂಲ ಚಾಚಿದರು. ಆ ದನಿ ಗ್ಯಾರೇಜಿನಲ್ಲಿ ಎಷ್ಟೋ ಸಲ ಕೇಳಿದ್ದರೂ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನೆಂದೂ ಕೇಳಿರಲಿಲ್ಲ.

"ಎಲವೋ ನಂದಿ, ಮದುವೆಯ ದಿಬ್ಬಣ ಹೊರಡುವ ಹೊತ್ತಾಯಿತು. ಇನ್ನೂ ಮಂಜಿನ ಮೇಲೆ ಮಲಗಿಯೇ ಇರುವೆಯಾ?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಗು ಇನ್ನೇನು ಇಳಿಯಬೇಕು, ಮಕ್ಕಳ ಸಾಲಿನಿಂದ ಯಾರೋ ಉದ್ದಕ್ಕೆ "ಅಂಬಾ" ಎಂದು ಉತ್ತರ ಕೊಟ್ಟರು. ಇಂಗ್ಲಿಷಿನ ಹಸು "ಮೂ" ಅನ್ನುತ್ತದೆ, ಹಾಗೆ ಕೂಗುವುದಿಲ್ಲ. ಶಿವನೇ ನಗು ತಡೆಯಲಾರದೆ ತ್ರಿಶೂಲಕ್ಕೆ ಒರಗಿದರು. ಕೊರಳಲ್ಲಿದ್ದ ಕ್ಯಾಮರಾ ನನಗೆ ನೆನಪಾಗಲೇ ಇಲ್ಲ, ಆ ಗಳಿಗೆಯ ಒಂದು ಫೋಟೋ ಕೂಡ ನನ್ನಲ್ಲಿಲ್ಲ.

ನಾಟಕ ಮುಗಿದ ಮೇಲೆ ಮಕ್ಕಳು ನಂದಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದರು. ಅದನ್ನೆಲ್ಲ ತೆಗೆದು ಮುಗಿಸಿ ಒಳಗೆ ಹೋದರೆ ಅಂಕಲ್ ಕನ್ನಡಿಯ ಮುಂದೆ ಕೂತು ಕೊಬ್ಬರಿ ಎಣ್ಣೆಯಿಂದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಆಂಟಿ ಜಟೆಯನ್ನು ನೀಟಾಗಿ ಮಡಚಿ ಚೀಲದೊಳಗೆ ಇಡುತ್ತಿದ್ದರು.

"ಏ, ಅದನ್ನ ಮ್ಯಾಲಿನ ರ್‍ಯಾಕಿಗೆ ಇಡಬ್ಯಾಡ. ಕೈಗೆ ಸಿಗೂ ಹಂಗ ಕೆಳಗ ಇಡು" ಅಂದರು ಅಂಕಲ್, ಕನ್ನಡಿಯಿಂದ ಕಣ್ಣು ತೆಗೆಯದೆ.